ಓದುವವಳ ಮೊರ

ಅಜ್ಜಂಪುರದಿಂದ ಬಂದ ನಿಧನವಾರ್ತೆ ನಾಲ್ಕು ಸಾಲಿನದಾಗಿತ್ತು. ಹೆಸರು, ವಯಸ್ಸು, ದಿವಂಗತ ಗಂಡನ ಹೆಸರು, ಅಂತ್ಯಕ್ರಿಯೆ ನಡೆದ ಜಾಗ. ಆಗ ನಾನು ಜಿಲ್ಲಾ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಊರೂರಿನ ವರದಿಗಳನ್ನು ತಿದ್ದುವ ಕೆಲಸದಲ್ಲಿದ್ದೆ. ತೀರಿಕೊಂಡವರು ಏನಾಗಿದ್ದರು ಎಂಬುದಕ್ಕೆ ಒಂದು ಪದವಾದರೂ ಇರಬೇಕೆಂಬುದು ನಮ್ಮಲ್ಲಿ ನಿಯಮ. ನಿವೃತ್ತ ಶಿಕ್ಷಕ, ಮಂಡಿ ವರ್ತಕ, ಪ್ರಗತಿಪರ ರೈತ, ಹೀಗೆ. ಇವರ ಹೆಸರಿನ ಮುಂದೆ ಏನೂ ಇರಲಿಲ್ಲ. 'ಗೃಹಿಣಿ' ಎಂದು ಸೇರಿಸಿ ಕಂಪೋಸಿಂಗಿಗೆ ಕಳಿಸಿದೆ. ಬೇರೆ ಪದ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರನ್ನು ಯಾರಾದರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೂ ಇಲ್ಲ. ಬೀದಿಗೆಲ್ಲ ಅವರು 'ಓದೋ ಅಕ್ಕ'.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದಲ್ಲಿದ್ದೆ. ಸಣ್ಣ ಊರುಗಳಲ್ಲಿ ಆಗ ಪತ್ರಿಕೆಯ ವರದಿಗಾರನೇ ಪತ್ರಿಕೆಯ ಏಜೆಂಟ್. ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ರೈಲಿನಿಂದ ಬಂಡಲ್ ಇಳಿಸಿಕೊಳ್ಳಬೇಕು, ಹಂಚಬೇಕು, ಆಮೇಲೆ ಸುದ್ದಿ ಹುಡುಕಬೇಕು. ನನ್ನ ಅಂಗಡಿ ಮತ್ತು ವಾಸ ಎರಡೂ ಒಂದೇ ಕೋಣೆ. ಅದರ ಗೋಡೆಯ ಆಚೆಗೆ ಅಕ್ಕನ ಮನೆಯ ಜಗಲಿ.

ಆ ಜಗಲಿಯ ಮೇಲೆ ಬೇಸಿಗೆಯುದ್ದಕ್ಕೂ ಮಧ್ಯಾಹ್ನ ಹೆಂಗಸರು ಕೂತು ಬಿತ್ತನೆಯ ಕಡಲೆಕಾಯಿ ಸುಲಿಯುತ್ತಿದ್ದರು. ಮಂಡಿಯವರು ಮೂಟೆ ಕಳಿಸುತ್ತಿದ್ದರು, ಸುಲಿದು ಕೊಟ್ಟ ಬೀಜದ ಅಳತೆಯ ಮೇಲೆ ಕೂಲಿ. ಬಿತ್ತನೆಯ ಬೀಜ ಒಡೆಯಬಾರದು, ಮೇಲಿನ ಕೆಂಪು ಸಿಪ್ಪೆ ಹರಿಯಬಾರದು. ಅದಕ್ಕೆ ಕೈಯಿಂದಲೇ ಸುಲಿಯಬೇಕು. ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವಿದೆ. ಹಾಗಾಗಿ ಅವರಲ್ಲಿ ಒಬ್ಬರು ವಾರಪತ್ರಿಕೆಯ ಧಾರಾವಾಹಿ ಓದುವುದು, ಉಳಿದವರು ಕೇಳುತ್ತ ಸುಲಿಯುವುದು ರೂಢಿಯಾಗಿತ್ತು. ಓದುವವಳಿಗೆ ಸುಲಿಯಲಾಗುವುದಿಲ್ಲ, ಅವಳ ಕೂಲಿ ಹೋಗಬಾರದು. ಆದ್ದರಿಂದ ಓದು ಮುಗಿದ ಮೇಲೆ ಒಬ್ಬೊಬ್ಬರೂ ತಾವು ಸುಲಿದದ್ದರಲ್ಲಿ ಒಂದು ಹಿಡಿ ಬೀಜ ತೆಗೆದು ಅವಳ ಮೊರಕ್ಕೆ ಹಾಕಿ ಏಳುತ್ತಿದ್ದರು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಹಾಕದೆ ಎದ್ದವರನ್ನು ನಾನು ನೋಡಿರಲಿಲ್ಲ, ಒಂದು ಮಧ್ಯಾಹ್ನದವರೆಗೆ.

ಆ ವಾರಪತ್ರಿಕೆ ಕೊಡುತ್ತಿದ್ದುದು ನಾನು. ಮಾರಾಟವಾಗದ ಪ್ರತಿಗಳಲ್ಲಿ ಪತ್ರಿಕೆಯ ಹೆಸರಿರುವ ತಲೆಪಟ್ಟಿಯನ್ನಷ್ಟೇ ಕತ್ತರಿಸಿ ಕಚೇರಿಗೆ ವಾಪಸು ಕಳಿಸಿದರೆ ಸಾಕಿತ್ತು, ಉಳಿದ ಮೈ ಏಜೆಂಟನದು. ತಲೆಯಿಲ್ಲದ ಒಂದು ಪ್ರತಿ ಅಕ್ಕನ ಜಗಲಿಗೆ ಒಂದು ವಾರ ತಡವಾಗಿ ಹೋಗುತ್ತಿತ್ತು. ಮೇಲಿನ ಬೀದಿಯ ಮನೆಗಳು ಕಾಸು ಕೊಟ್ಟು ಕೊಳ್ಳುತ್ತಿದ್ದವು. ಅವರು ಒಂದು ವಾರ ಮುಂದೆ, ಇವರು ಒಂದು ವಾರ ಹಿಂದೆ.

ಅಕ್ಕನಿಗೆ ಆಗ ಐವತ್ತರ ಹತ್ತಿರ. ಹಣೆಯಲ್ಲಿ ವಿಭೂತಿ, ಒಂದು ಕಡೆ ದಾರ ಕಟ್ಟಿದ ಕನ್ನಡಕ. ಗಂಡ ಸತ್ತ ಮೇಲೆ ಚೌಳಹಿರಿಯೂರಿನಿಂದ ಒಂದು ಟ್ರಂಕಿನೊಂದಿಗೆ ತವರಿಗೆ ಬಂದವರು. ಮಕ್ಕಳಿರಲಿಲ್ಲ. ಅಣ್ಣ ಭದ್ರಾವತಿಯಲ್ಲಿ ಕೆಲಸದಲ್ಲಿದ್ದುದರಿಂದ ಮನೆಯಲ್ಲಿ ಒಬ್ಬರೇ. ಓದುವಾಗ ಅವರು ನಟಿಸುತ್ತಿರಲಿಲ್ಲ. ನಾಯಕನ ಗುಡುಗನ್ನೂ ನಾಯಕಿಯ ಬಿಕ್ಕಳಿಕೆಯನ್ನೂ ಬಸ್ಸಿನ ಕಂಡಕ್ಟರು ಊರಿನ ಹೆಸರು ಕೂಗುವ ಧಾಟಿಯಲ್ಲಿ ಓದುತ್ತಿದ್ದರು. ಆದರೂ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪುಟ ತಿರುಗಿಸುವ ಮೊದಲು ಪತ್ರಿಕೆಯನ್ನು ಮಡಿಲಿಗಿಳಿಸಿ ಎದುರಿಗಿದ್ದವರ ಮುಖಗಳನ್ನು ಒಮ್ಮೆ ನೋಡುವುದು ಅವರ ಅಭ್ಯಾಸ. ಸಾರಿಗೆ ಉಪ್ಪು ಹಿಡಿಯಿತೇ ಎಂದು ನೋಡುವ ಹಾಗೆ.

ಇನ್ನೊಂದು ಅಭ್ಯಾಸವೂ ಇತ್ತು. ಅವರ ಮನೆಯ ಬೀದಿಬಾಗಿಲು ಎಂದೂ ಮುಚ್ಚುತ್ತಿರಲಿಲ್ಲ. ಅದಕ್ಕೆ ಒರಳಿನ ಗುಂಡುಕಲ್ಲೊಂದನ್ನು ಒತ್ತುಕೊಟ್ಟು ನಿಲ್ಲಿಸಿದ್ದರು. ಮಳೆ ಎರಚಲು ಹೊಡೆದರೂ, ನಾಯಿ ನುಗ್ಗಿದರೂ ಹಾಗೆಯೇ. ಕದಿಯಲು ಏನೂ ಇಲ್ಲ, ಅದಕ್ಕೇ ಎಂದು ಬೀದಿಯವರು ನಗುತ್ತಿದ್ದರು. ಎದುರುಮನೆಯ ನೀಲಮ್ಮ ನನಗೆ ಹೇಳಿದ ಇನ್ನೊಂದು ಸಂಗತಿಯೂ ಈ ಜಾತಿಯದೇ. ಒಮ್ಮೆ ಹೆಂಗಸರೆಲ್ಲ ಬಸ್ಸಿನಲ್ಲಿ ಅಮೃತಾಪುರದ ದೇವಸ್ಥಾನಕ್ಕೆ ಹೋಗಿದ್ದರಂತೆ. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತು, ಹೊರಡದೆ ಕಂಬ ನೋಡುತ್ತ ನಿಂತವರನ್ನು ಹೊರಡಿಸಲು ಪೂಜಾರಿ ಬೀಗದಕೈ ಗೊಂಚಲು ಅಲ್ಲಾಡಿಸಿ, ಒಳಗೇ ಇರಿ, ಸಂಜೆ ತೆಗೆಯುತ್ತೇನೆ ಎಂದು ತಮಾಷೆ ಮಾಡಿದನಂತೆ. ಅಕ್ಕ ಪ್ರಸಾದವನ್ನೂ ಚಪ್ಪಲಿಯನ್ನೂ ಬಿಟ್ಟು ರಸ್ತೆಯವರೆಗೆ ಹೋಗಿ ನಿಂತಿದ್ದರಂತೆ. ನೀಲಮ್ಮ ಇದನ್ನು ನಗೆಯ ವಿಷಯವಾಗಿ ಹೇಳಿದರು. ನಾನೂ ಹಾಗೆಯೇ ಕೇಳಿದೆ.

ಆ ಕಾಲದ ಧಾರಾವಾಹಿಗಳನ್ನು ನಾನು ಕೆಲಸದ ಭಾಗವಾಗಿ ಓದುತ್ತಿದ್ದೆ. ಮುಂದಿನ ವಾರ ಎಷ್ಟು ಪ್ರತಿ ತರಿಸಬೇಕೆಂಬುದು ಕಥೆ ಎಲ್ಲಿ ನಿಂತಿದೆ ಎಂಬುದರ ಮೇಲೆ ಹೋಗುತ್ತಿತ್ತು. ಅವುಗಳಿಗೊಂದು ಕಟ್ಟುಪಾಡಿತ್ತು. ನಾಯಕ ಸಿಡುಕನಾಗಿರಬೇಕು. ಮೊದಲ ವಾರ ಅವಮಾನ, ಐದು ಅಥವಾ ಆರನೆಯ ವಾರ ಕೆನ್ನೆಗೆ ಏಟು. ಆ ರಾತ್ರಿ ನಾಯಕಿ ಕನ್ನಡಿಯ ಮುಂದೆ ನಿಂತು ಬೆರಳಿನ ಗುರುತನ್ನು ಮುಟ್ಟಿಕೊಂಡು ನಸುನಗುತ್ತಾಳೆ. ಅವನು ಅನುಮಾನಪಟ್ಟರೆ ಪ್ರೀತಿ, ಹಿಂಬಾಲಿಸಿದರೆ ಪ್ರೀತಿ, ಅವಳ ಕೆಲಸ ಬಿಡಿಸಿದರೆ ಬಹಳ ಪ್ರೀತಿ. ಮೆತ್ತಗೆ ಮಾತಾಡುವ ಗಂಡಸು ಆ ಕಥೆಗಳಲ್ಲಿ ಅಣ್ಣನಾಗಿರುತ್ತಿದ್ದ, ಇಲ್ಲವೇ ಎರಡನೆಯ ವಾರದಲ್ಲೇ ಕ್ಷಯ ಬಂದು ಸಾಯುತ್ತಿದ್ದ. ಆ ವರ್ಷ ಬರುತ್ತಿದ್ದ ಕಥೆಯಲ್ಲಿ ನಾಯಕ ಕಾಫಿ ಎಸ್ಟೇಟಿನ ಮಾಲೀಕ, ಜೀಪು ಓಡಿಸುತ್ತಿದ್ದ. ನಾಯಕಿ ಅವನ ಬಂಗಲೆಗೆ ಲೆಕ್ಕ ಬರೆಯಲು ಬಂದ ಬಡ ಹುಡುಗಿ. ನಮ್ಮ ಊರಿಗೆ ಪ್ರತಿ ಸಾಲುತ್ತಿರಲಿಲ್ಲ.

ಜಗಲಿಯ ಮೇಲೆ ಅತ್ಯಂತ ಗಮನವಿಟ್ಟು ಕೇಳುತ್ತಿದ್ದವಳು ನೀಲಮ್ಮನ ಮಗಳು ಗಿರಿಜ. ಹದಿನೆಂಟರ ಹುಡುಗಿ. ಬೆಳಿಗ್ಗೆ ಖೈರುನ್ಬಿಯವರ ಮನೆಯಲ್ಲಿ ಹೊಲಿಗೆ ಕಲಿಯುತ್ತಿದ್ದಳು, ಮಧ್ಯಾಹ್ನ ಅವ್ವನ ಜೊತೆ ಸುಲಿಯಲು ಕೂರುತ್ತಿದ್ದಳು. ಅವಳಿಗೆ ಓದಲು ಬರುತ್ತಿತ್ತು. ಆದರೂ ಅಕ್ಕನ ಬಾಯಲ್ಲೇ ಕೇಳಬೇಕು.

ಮೇಲಿನ ಬೀದಿಯ ಮಂಡಿ ಗುಮಾಸ್ತರ ಮಗ ಅವಳ ಹಿಂದೆ ಬಿದ್ದಿದ್ದ. ಇದು ಗುಟ್ಟಿನ ವಿಷಯವಾಗಿರಲಿಲ್ಲ. ಅವನ ಮೋಟಾರ್ ಬೈಕು ಹೊಲಿಗೆ ಮನೆಯ ಮುಂದೆಯೇ ನಿಂತಿರುತ್ತಿತ್ತು. ಅವಳಿಗೆ ನೂಲಿನುಂಡೆ ಕೊಟ್ಟ ಅಂಗಡಿಯ ಹುಡುಗನಿಗೆ ಹೊಡೆದ. ಬ್ಲೇಡಿನಿಂದ ತೋಳಿನ ಮೇಲೆ ಅವಳ ಹೆಸರು ಕೊಯ್ದುಕೊಂಡು ಅರ್ಧ ತೋಳಿನ ಅಂಗಿ ಹಾಕಿಕೊಂಡು ತಿರುಗಿದ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ, ಇನ್ನು ಮೇಲೆ ಹೊಲಿಗೆಗೆ ಹೋಗಕೂಡದೆಂದು ಅವಳ ಮಣಿಕಟ್ಟು ಹಿಡಿದು ತಿರುಚಿದ. ಬಳೆ ಒಡೆದು ರಕ್ತ ಬಂತು. ನಾನು ಅಲ್ಲಿದ್ದೆ, ಇನ್ನೂ ಇಪ್ಪತ್ತು ಜನ ಇದ್ದರು. ಕಂಡಕ್ಟರು ಬಿಡಿಸಿದ. ಆ ವಾರವೇ ಹುಡುಗನ ಕಡೆಯವರು ಹೆಣ್ಣು ಕೇಳಲು ಬಂದರು. ಏನೂ ಕೊಡುವುದು ಬೇಡ, ಹುಡುಗ ಅವಳಿಲ್ಲದೆ ಅನ್ನ ಮುಟ್ಟುವುದಿಲ್ಲ ಎನ್ನುತ್ತಾನೆ ಎಂದರು. ನೀಲಮ್ಮ ಇದನ್ನು ಜಗಲಿಯ ಮೇಲೆ ಹೇಳುವಾಗ ದನಿಯಲ್ಲಿ ಸಂಕೋಚವೂ ಹೆಮ್ಮೆಯೂ ಇತ್ತು. ಅಷ್ಟು ಜೀವ ಇಟ್ಟುಕೊಂಡಿದ್ದಾನಲ್ಲ ಎಂದು ನಾಲ್ಕು ಜನ ಅಂದರು.

ಅಕ್ಕ ಗಿರಿಜಳ ಕೈಯನ್ನು ನೋಡುತ್ತಿದ್ದರು. ಅವಳು ಸೆರಗು ಎಳೆದುಕೊಂಡು, "ಕಥೇಲೂ ಹಿಂಗೇ ಅಲ್ವಾಕ್ಕ. ಮೊದ್ಲು ಸಿಟ್ಟು, ಆಮೇಲೆ ಎಲ್ಲ ಸರಿಹೋಗುತ್ತೆ," ಎಂದಳು.

ಅಕ್ಕ ಪತ್ರಿಕೆ ಬಿಡಿಸಿದರು. ಅದು ಏಟಿನ ವಾರವಾಗಿತ್ತು. ಗೋಡೆಯ ಈಚೆ ಕೂತು ನಾನು ಕೇಳುತ್ತಿದ್ದೆ. ಏಟು ಬರಲಿಲ್ಲ. ನಾಯಕ ಕೈ ಎತ್ತುವ ಜಾಗಕ್ಕೆ ಬಂದವರು ಒಂದು ಗುಟುಕು ನೀರು ಕುಡಿದು, ಅಡುಗೆಯವನು ಕಾಫಿ ತಂದಿಟ್ಟ ಎಂದು ಓದಿದರು. ಕನ್ನಡಿಯೂ ಬರಲಿಲ್ಲ.

ಅಚ್ಚಿಗೂ ಆಡಿದ್ದಕ್ಕೂ ವ್ಯತ್ಯಾಸ ಕಂಡರೆ ಗುರುತು ಹಾಕುವುದು ನನ್ನ ಕಸುಬು. ಮಾರನೆಯ ದಿನ ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು.

"ಅಕ್ಕೀಲಿ ಕಲ್ಲು ಸಿಕ್ರೆ ಆರಿಸಿ ಹಾಕ್ತೀವಪ್ಪ," ಎಂದರು. "ಅಂಗಡಿಯೋನ್ನ ಕೇಳ್ಕೊಂಡು ಬತ್ತೀವಾ?"

ನಾನು ಇದನ್ನು ಯಾರಿಗೂ ಹೇಳಲಿಲ್ಲ. ಅದು ಸುದ್ದಿಯಾಗಿರಲಿಲ್ಲ.

ಎರಡು ವಾರ ಬಿಟ್ಟು ಕಥೆಯಲ್ಲಿ ಬೀಗ ಬಂತು. ನಾಯಕಿ ಕೆಲಸ ಬಿಟ್ಟು ಊರಿಗೆ ಹೊರಟಾಗ ನಾಯಕ ಅವಳನ್ನು ಬಂಗಲೆಯ ಮಹಡಿಯ ಕೋಣೆಯಲ್ಲಿ ಕೂಡಿ ಬೀಗ ಹಾಕುತ್ತಾನೆ. ಅವಳಿಗೆ ಜ್ವರ ಬರುತ್ತದೆ. ಅವನು ಹಾಸಿಗೆಯ ಪಕ್ಕ ನಿದ್ದೆಗೆಟ್ಟು ಕೂರುತ್ತಾನೆ. ಕಣ್ಣು ಬಿಟ್ಟ ನಾಯಕಿ ಅವನ ಬೆಳೆದ ಗಡ್ಡ ನೋಡಿ ಪ್ರೀತಿಯನ್ನು ಅರಿಯುತ್ತಾಳೆ. ಅಚ್ಚಾದದ್ದು ಇದು. ಅಕ್ಕ ಓದಿದ್ದು ಬೇರೆ. ಬೀಗದವರೆಗೆ ಪತ್ರಿಕೆಯಂತೆಯೇ ಓದಿದರು. ಅಲ್ಲಿಂದ ಮುಂದೆ ಅಡುಗೆಯವನ ಹೆಂಡತಿ ಬಂದು ಬೀಗ ತೆಗೆದಳು. ನಾಯಕಿ ಮೆಟ್ಟಿಲಿಳಿದು, ಗೇಟು ದಾಟಿ, ಡಾಂಬರು ರಸ್ತೆಗೆ ಬಂದಳು. ಬಸ್ಸಿಗೆ ಕೈ ತೋರಿಸಿದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿತು.

ಜಗಲಿಯ ಮೇಲೆ ಕಡಲೆಕಾಯಿ ಒಡೆಯುವ ಸದ್ದು ನಿಂತಿತು.

"ಆಮೇಲೆ?" ಎಂದಳು ಗಿರಿಜ.

"ಮುಂದಿನ ವಾರ ಅಂತ ಹಾಕವ್ರೆ."

ಆ ಮೇಲಿನ ವಾರಗಳಲ್ಲಿ ಅಕ್ಕನಿಗೆ ಕಷ್ಟವಾಯಿತು. ಅಚ್ಚಿನ ಕಥೆ ಬಂಗಲೆಯಲ್ಲೇ ಸುತ್ತುತ್ತಿತ್ತು, ಇವರ ನಾಯಕಿ ಬಸ್ಸು ಹತ್ತಿ ಹೋಗಿದ್ದಳು. ಅವಳಿಗೆ ಪಂಚನಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಮ್ಮನ ಕೆಲಸ ಕೊಡಿಸಿದರು. ಬಾಡಿಗೆ ಮನೆ ಹಿಡಿಸಿದರು. ತೆಂಗಿನಗರಿಯ ಪೊರಕೆ ಕೊಳ್ಳುವುದಕ್ಕೆ ಅರ್ಧ ಮಧ್ಯಾಹ್ನ ತೆಗೆದುಕೊಂಡರು. ಕಥೆ ನೀರಸವಾಯಿತು. ಹೆಂಗಸರು ಗೊಣಗಿದರು.

"ಅಲ್ಲಕ್ಕಾ, ಆ ಜೀಪಿನೋನು ಎಲ್ಲೋದ?" ಎಂದು ಖೈರುನ್ಬಿ ಕೇಳಿದರು.

"ಎಸ್ಟೇಟಲ್ಲವ್ನೆ. ಅವನಿಗೂ ಕೆಲ್ಸ ಇರಲ್ವೇನೇ?"

ಆದರೆ ಗಿರಿಜ ಗೊಣಗಲಿಲ್ಲ. ಬಾಡಿಗೆ ಮನೆಗೆ ಕಿಟಕಿ ಎಷ್ಟು, ಸಂಜೆ ಒಬ್ಬಳೇ ಏನು ಮಾಡುತ್ತಾಳೆ ಎಂದು ಕೇಳುತ್ತಿದ್ದಳು. ಗುಮಾಸ್ತರ ಮನೆಯವರು ಮಾತು ಪಕ್ಕಾ ಮಾಡಿಕೊಳ್ಳಲು ಬಂದ ದಿನ ಅವಳು ನಡುಮನೆಗೆ ಬಂದು, ಹೊಲಿಗೆ ಪರೀಕ್ಷೆ ಮುಗಿಯುವವರೆಗೆ ಮದುವೆ ಬೇಡ, ಆಮೇಲೂ ಯೋಚನೆ ಮಾಡಿ ಹೇಳುತ್ತೇನೆ ಎಂದಳು. ಬಂದವರು ಕಾಫಿ ಕುಡಿಯದೆ ಎದ್ದುಹೋದರು. ಇಂಥ ಮಾತು ಎಲ್ಲಿ ಕಲಿತೆ ಎಂದು ನೀಲಮ್ಮ ಹೊಡೆಯಲು ಹೋದಾಗ ಅವಳು, ಕಥೆಯ ಹುಡುಗಿ ಬಸ್ಸು ಹತ್ತಿ ಹೋಗಲಿಲ್ಲವೇ, ಅವಳಿಗೇನು ಕೆಡುಕಾಯಿತು ಎಂದು ಕೇಳಿದಳಂತೆ. ಆ ಮಾತು ಮೇಲಿನ ಬೀದಿಗೆ ಹೋಯಿತು. ಅಲ್ಲಿ ಅದೇ ಕಥೆಯನ್ನು ಅಚ್ಚಿನಲ್ಲಿ ಓದಿದವರಿದ್ದರು.

ಎರಡು ದಿನ ಬಿಟ್ಟು ಹುಡುಗನ ತಂಗಿ ಪತ್ರಿಕೆಗಳ ಕಟ್ಟು ಹಿಡಿದು ಜಗಲಿಗೆ ಬಂದಳು. ಹೈಸ್ಕೂಲು ಮುಗಿಸಿದ ಹುಡುಗಿ, ಜಗಳದ ಸ್ವಭಾವದವಳಲ್ಲ. ಅಕ್ಕನ ಪಕ್ಕದಲ್ಲೇ ಕೂತು, ಏಟು, ಕನ್ನಡಿ, ಬೀಗ, ಜ್ವರ, ಗಡ್ಡ ಎಲ್ಲವನ್ನೂ ಸಾವಧಾನವಾಗಿ ಓದಿದಳು. ಓದು ಚೆನ್ನಾಗಿತ್ತು. ಆ ದಿನ ಯಾರೂ ಅಳಲಿಲ್ಲ.

ನೀಲಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. "ನಮಗೆ ಅಕ್ಷರ ಬರಲ್ಲ ಅಂತಾನೇ ಅಲ್ವೇನಕ್ಕ ನೀನು ಹಿಂಗ್ ಮಾಡಿದ್ದು?"

"ಹೌದು."

"ನನ್ನ ಮಗಳ ಬಾಳಲ್ಲಿ ಆಟ ಆಡಕ್ಕಾ?"

ಅಕ್ಕ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ದನಿ ಎತ್ತಲಿಲ್ಲ. ಕಥೆ ಓದುವ ಧಾಟಿಯೇ.

"ಬೀಗ ಹಾಕಿದ ಮನೇಲಿ ಜ್ವರ ಬಂದ್ರೆ ಯಾರೂ ಪಕ್ಕದಲ್ಲಿ ಕೂತಿರಲ್ಲ ನೀಲಮ್ಮ. ನೀರು ಮುಗಿದ್ರೆ ಬೀಗ ತೆಗಿಯೋವರ್ಗೂ ಕಾಯ್ಬೇಕು. ಚೌಳಹಿರಿಯೂರಲ್ಲಿ ನಮ್ಮನೆಯೋರು ಹೊಲಕ್ಕೆ ಹೋಗುವಾಗ ದಿನಾ ಬೀಗ ಹಾಕ್ಕೊಂಡ್ ಹೋಗೋರು. ಒಂದಿನ ಕೈ ಎತ್ತಿದೋರಲ್ಲ. ಏನ್ ಪ್ರೀತಿ ನೋಡ್ರಪ್ಪ, ಹೆಂಡ್ತಿ ಕಳೆದೋಗ್ತಾಳೆ ಅಂತ ಬೀಗ ಹಾಕ್ತಾನೆ ಅಂತ ಊರೋರು ನಗೋರು. ನಾನೂ ನಗ್ತಿದ್ದೆ, ಕಿಟಕಿ ಒಳಗಿಂದ."

ಬಾಗಿಲಿಗೆ ಒತ್ತುಕೊಟ್ಟಿದ್ದ ಗುಂಡುಕಲ್ಲನ್ನು ಒಬ್ಬಿಬ್ಬರು ನೋಡಿದರು.

"ಹಂಗಾದ್ರೆ ಅದನ್ನೇ ಹೇಳ್ಬೋದಿತ್ತು," ಎಂದರು ನೀಲಮ್ಮ. "ಕಥೆ ಅಂತ ಯಾಕ್ ಹೇಳ್ದೆ?"

"ನಂದು ಅಂದಿದ್ರೆ ಕೇಳ್ತಿದ್ರಾ?"

"ನಿನ್ನ ಗಂಡ ಬೇರೆ, ಈ ಹುಡುಗ ಬೇರೆ," ಎಂದು ನೀಲಮ್ಮ ಎದ್ದರು. ಮೊರಕ್ಕೆ ಹಿಡಿ ಹಾಕಲಿಲ್ಲ. ಉಳಿದವರೂ ಹಾಕಲಿಲ್ಲ. ಖೈರುನ್ಬಿ ಒಬ್ಬರು ಹಾಕಿ, "ನಂಗೆ ನಿಂದೇ ಚೆಂದಾಗಿತ್ತು ಬಿಡು, ಪೊರಕೆ ಜಾಸ್ತಿ ಆಯ್ತು ಅಷ್ಟೇ," ಎಂದು ಹೋದರು.

ಮಾರನೆಯ ದಿನದಿಂದ ಹುಡುಗನ ತಂಗಿಯೇ ನೀಲಮ್ಮನ ಜಗಲಿಯಲ್ಲಿ ಓದಿದಳು. ಬೀಜ ಅವಳ ಮೊರಕ್ಕೆ ಬಿತ್ತು. ಅಕ್ಕ ತಮ್ಮ ಪಾಲಿನ ಮೂಟೆಯನ್ನು ಒಬ್ಬರೇ ಕೂತು ಸುಲಿದರು. ತಲೆಯಿಲ್ಲದ ಪ್ರತಿ ಕೊಡಲು ಹೋದರೆ, ಬೇಡಪ್ಪ, ಇಟ್ಕೋ ಎಂದರು.

ಎದ್ದುಹೋಗಿದ್ದ ಗುಮಾಸ್ತರ ಮನೆಯವರು ಮತ್ತೆ ಬಂದರು, ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ಗಿರಿಜ ಅಕ್ಕನ ಮನೆಗೆ ಬಂದದ್ದನ್ನು ನಾನು ನೋಡಿದೆ. ಹೊಸ್ತಿಲಲ್ಲೇ ನಿಂತಿದ್ದಳು.

"ನೀನ್ ಓದ್ತಿದ್ದ ಕಥೇಲಿ ಕೊನೇಗೆ ಅವಳು ಏನಾಗ್ತಾಳಕ್ಕ?"

"ಗೊತ್ತಿಲ್ಲ ಕಣವ್ವ. ಅಲ್ಲಿವರ್ಗೂ ಬರ್ಲಿಲ್ಲ." ಆಮೇಲೆ, "ಈ ಬಾಗ್ಲು ಹಾಕಲ್ಲ, ಗೊತ್ತಲ್ಲ ನಿಂಗೆ," ಎಂದರು.

ಮದುವೆಯಾದ ಮೇಲೆ ಹುಡುಗನಿಗೆ ತರೀಕೆರೆಯ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಮನೆ ಮಾಡಿದರು. ಅವಳು ತವರಿಗೆ ಬರುತ್ತಿರಲಿಲ್ಲ. ಅಳಿಯನಿಗೆ ಒಂದು ದಿನವೂ ಬಿಟ್ಟಿರಲಾಗುವುದಿಲ್ಲ ಎಂದು ನೀಲಮ್ಮ ಮೊದಮೊದಲು ಹೇಳುತ್ತಿದ್ದರು. ಆಮೇಲೆ ಹೇಳುವುದು ಬಿಟ್ಟರು.

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ನಾನು ಬಂಡಲ್ ಹೊತ್ತು ಬಸ್ ಸ್ಟ್ಯಾಂಡಿನ ಮುಂದೆ ಬರುವಾಗ ಗಿರಿಜ ತರೀಕೆರೆ ಬಸ್ಸಿನಿಂದ ಇಳಿದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ನಾನು ಮಾತಾಡಿಸಿದೆ, ಅವಳು ತಿರುಗಲಿಲ್ಲ. ಎದುರಿಗೆ ಹೋಗಿ ನಿಂತಾಗ ನೋಡಿದಳು. ಎಡಗಿವಿ ಕೇಳಿಸುವುದಿಲ್ಲ, ಈ ಕಡೆ ಬಂದು ಹೇಳಿ ಎಂದಳು. ತರೀಕೆರೆಯಲ್ಲಿ ಏನಾಯಿತೆಂದು ಅವಳು ಮುಂದೆಯೂ ಹೇಳಲಿಲ್ಲ. ಧಾರಾವಾಹಿಯಲ್ಲಾದರೆ ಆರನೆಯ ವಾರದಲ್ಲಿ ಆಗುವಂಥದ್ದು. ಅವಳು ಅವ್ವನ ಮನೆಗೆ ಹೋಗಲಿಲ್ಲ. ಎದುರಿನ ತೆರೆದ ಬಾಗಿಲೊಳಗೆ ಹೋದಳು.

ಸಂಜೆ ಅವನು ಮೋಟಾರ್ ಬೈಕಿನಲ್ಲಿ ಬಂದ. ಬೀದಿಯವರೆಲ್ಲ ಹೊರಗೆ ನಿಂತರು. ಅಕ್ಕ ಹೊಸ್ತಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

"ಒಳಗವ್ಳೆ," ಎಂದರು. "ಬಾಗ್ಲು ತೆಗ್ದೇ ಐತೆ. ಅವಳಾಗಿ ಬಂದ್ರೆ ಕರ್ಕೊಂಡ್ ಹೋಗಪ್ಪ."

ಅವನು ಅತ್ತ. ಬೀದಿಯಲ್ಲಿ ಮಂಡಿಯೂರಿದ. ತೋಳಿನ ಗಾಯದ ಹೆಸರನ್ನು ತೋರಿಸಿದ. ಅವಳು ಬರಲಿಲ್ಲ. ಇನ್ನೂ ಕೆಲವು ಸಲ ಬಂದ, ಆಮೇಲೆ ನಿಲ್ಲಿಸಿದ. ಪಾಪ, ಈಗಲೂ ಅವಳ ಮೇಲೆ ಪ್ರಾಣ ಇಟ್ಟಿದ್ದಾನೆ ಎಂದು ಹೇಳುವವರು ಇದ್ದೇ ಇದ್ದರು. ಠಾಣೆಗೆ ಯಾರೂ ಹೋಗಲಿಲ್ಲ. ಠಾಣೆಯಲ್ಲಿ ದೂರಿಲ್ಲದ್ದು ನಮ್ಮ ಪತ್ರಿಕೆಯಲ್ಲಿ ಬರುತ್ತಿರಲಿಲ್ಲ.

ಆ ಬೇಸಿಗೆ ನೀಲಮ್ಮ ತಮ್ಮ ಮೂಟೆಯನ್ನು ಎಳೆದುಕೊಂಡು ಬಂದು ಅಕ್ಕನ ಜಗಲಿಯಲ್ಲಿ ಕೂತರು. ಉಳಿದವರೂ ಬಂದರು. ಕ್ಷಮೆ ಕೇಳುವ ಮಾತು ಯಾವ ಕಡೆಯಿಂದಲೂ ಬರಲಿಲ್ಲ. ಅಕ್ಕ ಅಕ್ಕಿಯ ಕಲ್ಲಿನ ಮಾತನ್ನು ಅವರಿಗೂ ಹೇಳಿದರು. ನೀಲಮ್ಮ ಒಂದು ಕರಾರು ಹಾಕಿದರು. ಬರೆದದ್ದನ್ನು ಮೊದಲು ಬರೆದ ಹಾಗೆಯೇ ಓದಬೇಕು, ಮುಚ್ಚಿಡಕೂಡದು. ಆಮೇಲೆ ಬೇಕಿದ್ದರೆ ಕಲ್ಲು ಆರಿಸಿ ಇನ್ನೊಂದು ಸಲ ಓದಲಿ. ಅಕ್ಕ ಒಪ್ಪಿದರು. ಹೀಗೆ ಪ್ರತಿ ಕಥೆಯೂ ಆ ಜಗಲಿಯ ಮೇಲೆ ಎರಡೆರಡು ಸಲ ನಡೆಯತೊಡಗಿತು. ಮರುವರ್ಷ ನನಗೆ ಅಲ್ಲಿಂದ ವರ್ಗವಾಯಿತು.

ನಿಧನವಾರ್ತೆ ಅಚ್ಚಾದ ಕೆಲವು ದಿನಗಳಿಗೆ ಕಡೂರಿನಲ್ಲಿ ಕೆಲಸವಿತ್ತು. ಮುಗಿಸಿಕೊಂಡು ಅಜ್ಜಂಪುರಕ್ಕೆ ಹೋದೆ. ಬಾಗಿಲು ತೆರೆದಿತ್ತು, ಗುಂಡುಕಲ್ಲು ಅಲ್ಲೇ ಇತ್ತು. ನಡುಮನೆಯಲ್ಲಿ ಹೊಲಿಗೆ ಮೆಷಿನ್, ಹರಡಿದ ತುಂಡುಬಟ್ಟೆಗಳು. ಜಗಲಿಯ ಮೇಲೆ ಹೆಂಗಸರು ಸುಲಿಯುತ್ತಿದ್ದರು. ಗಿರಿಜ ಓದುತ್ತಿದ್ದಳು. ಹೊಸ ಕಥೆ, ಹೊಸ ಲೇಖಕಿ. ನಾಯಕ ಈಗ ಡಾಕ್ಟರು. ಅವನು ಕೈ ಎತ್ತಿದ, ಹೊಡೆದ, ಅವಳು ಕೆನ್ನೆ ಹಿಡಿದುಕೊಂಡು ಅವನ ಕಣ್ಣಲ್ಲಿ ನೀರು ಕಂಡಳು. ಗಿರಿಜ ಒಂದಕ್ಷರ ಬಿಡದೆ ಓದಿ ಪತ್ರಿಕೆಯನ್ನು ಮಡಿಲಿಗಿಳಿಸಿದಳು.

ಎಡಪಕ್ಕದಲ್ಲಿ ಕೂತಿದ್ದ ನೀಲಮ್ಮ ಏನೋ ಹೇಳಿದರು. ಅವಳಿಗೆ ಕೇಳಿಸಲಿಲ್ಲ. ನೀಲಮ್ಮ ಮಂಡಿಯ ಮೇಲೆ ಕೈಯೂರಿ ಎದ್ದು, ಹಿಂದಿನಿಂದ ಸುತ್ತಿ ಬಂದು ಬಲಗಡೆ ಕೂತರು. ಒಂದು ಹಿಡಿ ಬೀಜವನ್ನು ಮಗಳ ಮೊರಕ್ಕೆ ಹಾಕಿದರು.

"ಅವರ್ದು ಆಯ್ತಲ್ಲ," ಎಂದರು. "ಈಗ ಅಕ್ಕಂದು ಓದು."

ಗಿರಿಜ ಪುಟವನ್ನು ಹಿಂದಕ್ಕೆ ತಿರುಗಿಸಿದಳು. ಅವನು ಕೈ ಎತ್ತಿದ ಎಂದು ಓದಿದಳು. ಅವಳು ಬಾಗಿಲ ಕಡೆ ನೋಡಿದಳು. ಬಾಗಿಲು ತೆರೆದಿತ್ತು.